ಒಬ್ಬಳೂ ಮೂಲಾ ಇಲ್ಲ

ನಗಬೇಡ ಶಿವಾನಿ. ನಗೋ ವಿಷ್ಯಾನೇನೇ ಇದು? ಇಡೀ ವಧೂವರ ಕೇಂದ್ರದಲ್ಲಿ, ಇಷ್ಟೊಂದು ಹುಡುಗೀರು ಹೆಸರು ಬರೆಸಿರೋ ಕಡೆ, ಒಬ್ಬಳೂ ಮೂಲಾ ನಕ್ಷತ್ರದವಳಿಲ್ಲ! ಒಬ್ಬಳೂ! ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಎಲ್ಲೂ ಆ ನಕ್ಷತ್ರದಲ್ಲಿ ಒಂದು ಹೆಣ್ಣು ಕೂಸು ಹುಟ್ಟೇ ಇಲ್ವಂತೆ, ಈ ಕಂಪ್ಯೂಟರ್ ಪ್ರಕಾರ… ಇನ್ನೂ ನಗ್ತಾನೇ ಇದೀಯಲ್ಲ! ಸರಿ, ನಗು. ನಕ್ಕು ಮುಗಿಸಿ ಆ ಬಾಗಿಲು ಹಾಕ್ಕೊಂಡು ಬಾ. ಕೆಳಗಡೆ ಗ್ರಂಥಿಗೆ ಅಂಗಡಿಯವನಿಗೆ ಕಿವಿ ಜಾಸ್ತಿ.

ಸೀರೆ ಅಂಗಡಿ ಎಲ್ಲೂ ಓಡಿಹೋಗಲ್ಲ ಕಣೇ. ಭಾನುವಾರ ನಿನ್ನ ನಿಶ್ಚಿತಾರ್ಥ ಅಂತ ನನಗೆ ಗೊತ್ತಿಲ್ವಾ? ನಿಮ್ಮಪ್ಪ ಹಾರ ಹೇಳೋಕೆ ಮಾರ್ಕೆಟ್‌ಗೆ ಹೋಗಿದಾರೆ. ಅವರು ಹೂವಿನವರ ಹತ್ರ ಚೌಕಾಸಿ ಮಾಡಿ ಸೋತು ಬರೋಷ್ಟರಲ್ಲಿ ನಾನು ಈ ಕೆಲಸ ಮುಗಿಸಿರ್ತೀನಿ. ಮುಗಿಸ್ಲೇಬೇಕು. ಸಂಜೆ ಅಧ್ಯಕ್ಷರ ಸವಾರಿ ಬರುತ್ತೆ. ವೆಂಕಟಾಚಲ. ಬೆಳಿಗ್ಗೆ ಫೋನ್ ಮಾಡಿ ಏನು ಕೂಗಾಟ ಅಂತೀಯ! "ಶಕುಂತಲಮ್ಮ, ಕಂಪ್ಯೂಟರ್ ನಿಮ್ಮ ಜವಾಬ್ದಾರಿ, ಏನ್ರೀ ಇದು ಅನಾಹುತ?" ಆಹಾಹಾ… ಮೌಸನ್ನ ಟಿವಿ ರಿಮೋಟ್ ಥರ ಎತ್ತಿ ಹಿಡಿಯೋ ಮಹಾನುಭಾವ ನನಗೆ ಜವಾಬ್ದಾರಿ ಹೇಳಿಕೊಡ್ತಾನೆ!

ಏನಾಯ್ತು ಅಂದ್ರೆ… ಕೂತ್ಕೋ, ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ. ಏನಾಯ್ತು ಅಂದ್ರೆ, ಶರಣ್ಯ ಅಂತ ಒಬ್ಬಳು, ಚಾಮರಾಜಪೇಟೆ ಹುಡುಗಿ. ಅವರಪ್ಪ ಹೆಸರು ಬರೆಸಿದಾಗ ಮೂಲಾ ನಕ್ಷತ್ರ ಅಂತಾನೇ ಬರೆಸಿದ್ದು. ಆದ್ರೆ ನಮ್ಮ ಕಂಪ್ಯೂಟರ್‌ನಿಂದ ಗಂಡಿನ ಕಡೆಗೆ ಹೋದ ಹಾಳೇಲಿ ಪೂರ್ವಾಷಾಢಾ ಅಂತ ಇತ್ತು. ಅವರ ಪುರೋಹಿತ ಆ ಹಾಳೆ ನೋಡ್ಕೊಂಡು ಸಾಲಾವಳಿ ಕೂಡ್ಸಿದ. ಬಂದ್ರು, ನೋಡಿದ್ರು, ಒಪ್ಪಿದ್ರು. ಹುಡುಗಿ ಕಡೆಯವರು ಏನಂದ್ಕೊಂಡ್ರು? ಗೊತ್ತಿದ್ದೂ ಒಪ್ಪಿದಾರಲ್ಲಾ, ಎಂಥಾ ದೊಡ್ಡ ಮನಸ್ಸು ಅಂದ್ಕೊಂಡ್ರು. ದೊಡ್ಡ ಮನಸ್ಸಂತೆ! ಕಳೆದ ವಾರ ನಿಶ್ಚಿತಾರ್ಥ. ಲಗ್ನಪತ್ರಿಕೆ ಓದೋವಾಗ ಪುರೋಹಿತ ಪೂರ್ವಾಷಾಢಾ ಅಂದ, ಹುಡುಗಿ ತಾತ ಪಾಪ, "ಅಲ್ಲ ಸ್ವಾಮಿ, ನಮ್ಮ ಕೂಸು ಮೂಲಾ" ಅಂತ ತಿದ್ದಿದ್ರು. ಅಷ್ಟೇ! ಎಲೆ ಹಾಕಿತ್ತಂತೆ. ಪಾಯಸ ಬಡಿಸಿತ್ತಂತೆ. ಗಂಡಿನ ಕಡೆಯವರೆಲ್ಲ ಎದ್ದು ಚಪ್ಪಲಿ ಹುಡುಕ್ಕೊಂಡು ಹೊರಟೇ ಹೋದ್ರು.

ಮೂಲಾ ನಕ್ಷತ್ರದ ಸೊಸೆ ಕಾಲಿಟ್ರೆ ಮಾವ ಉಳಿಯಲ್ವಂತೆ. ಬಾಯಲ್ಲಿ ಹೇಳಕ್ಕೂ ನಾಚಿಕೆ ಆಗುತ್ತೆ. ಆ ಮಾವ ಅನ್ನೋನು ದಿನಾ ಮೂರು ಹೊತ್ತೂ ಕರಿದಿದ್ದು ತಿಂದು, ಸಕ್ಕರೆ ಕಾಯಿಲೆ ಇಟ್ಕೊಂಡು, ವಾಕಿಂಗ್ ಹೋಗು ಅಂದ್ರೆ ಮೂಲೆ ಹೋಟ್ಲಿಗೆ ಹೋಗಿ ಬಂದ್ರೂ ಪರವಾಗಿಲ್ಲ. ಅವನನ್ನ ಕೊಲ್ಲೋದು ಯಾರು? ಸೊಸೆ ನಕ್ಷತ್ರ! ಥೂ. ಓದಿದೋರು ಕಣೇ ಇವರೆಲ್ಲ. ಎಂಜಿನಿಯರು, ಆಡಿಟರು, ಕಾಲೇಜ್ ಪ್ರಿನ್ಸಿಪಾಲು. ನನ್ನ ಹತ್ರ ಫೋನಲ್ಲಿ ಮಾತಾಡೋದು ಕೇಳ್ಬೇಕು ನೀನು. "ನಮಗೆ ಅದೆಲ್ಲ ನಂಬಿಕೆ ಇಲ್ಲ ಮೇಡಂ… ಆದ್ರೆ ನಮ್ಮ ಯಜಮಾನರು ಇದಾರಲ್ಲ, ಸುಮ್ನೆ ಯಾಕೆ…" ಈ ಸುಮ್ನೆ ಯಾಕೆ ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ.

ಏನಂದೆ? ಪಾಪಾನಾ? ಯಾರು, ಆ ಶರಣ್ಯಾನಾ? ಪಾಪ ಯಾಕೆ? ಒಳ್ಳೇದೇ ಆಯ್ತು ಬಿಡು. ಅಂಥಾ ಮನೆ ಸೇರಿ ಏನು ಉದ್ಧಾರ ಆಗ್ತಿದ್ಲು… ಯಾಕೆ ಹಾಗೆ ನೋಡ್ತೀಯ? ಸರಿ. ಪಾಪ. ಪಾಪ ಅಂದೆ, ಆಯ್ತಲ್ಲ?

ಹೂಂ… ಹೂಂ, ಆತ್ರೇಯನ ಮನೆಯವರು ಹಾಗಲ್ಲ. ಹೌದು ಕಣೇ, ಫೋನಲ್ಲಿ ನಾನೇ ಮೊದ್ಲೇ ಹೇಳ್ಬಿಟ್ಟಿದ್ದೆ, ನಮ್ಮ ಶಿವಾನಿ ಮೂಲಾ ಅಂತ. ನಿನ್ನ ಮಾವ ಆಗೋರು, "ನಕ್ಷತ್ರ ಆಕಾಶದಲ್ಲೇ ಇರ್ಲಿ ಬಿಡಿ, ನಮಗೆ ಹುಡುಗಿ ಸಾಕು" ಅಂದ್ರು. ಅದೇ ಮಾತು, ಅಕ್ಷರಶಃ. ಎಷ್ಟು ಸಲ ಹೇಳಿಸ್ತೀಯ ನನ್ನ ಕೈಲಿ? ಸ್ಕೂಲಿನ ಸ್ಟಾಫ್ ರೂಮಲ್ಲೆಲ್ಲ ಹೇಳ್ಕೊಂಡು ಬಂದಿದೀಯಂತೆ, ಪಿ.ಟಿ. ಮೇಡಂ ನನಗೆ ದೇವಸ್ಥಾನದಲ್ಲಿ ಸಿಕ್ಕಿ ಕಣ್ಣೀರು ಹಾಕ್ಕೊಂಡ್ರು. ಅಷ್ಟೆಲ್ಲ ಹೇಳ್ಕೊಳ್ಳೋದು ಏನಿತ್ತು? ಗೊತ್ತು, ಗೊತ್ತು… ಸ್ಟೆಂಟ್ ಹಾಕಿದ್ಮೇಲೆ ಆಸ್ಪತ್ರೇಲಿ ನಿನ್ನ ಕೈ ಹಿಡ್ಕೊಂಡು ಕೂರಿಸ್ಕೊಂಡ್ರು. ಒಳ್ಳೆ ಮನುಷ್ಯರೇ. ನಾನು ಇಲ್ಲ ಅಂದ್ನಾ? ಬಿಡೀಗ ಆ ಮಾತು. ಕೆಲಸ ಇದೆ.

ಇಲ್ನೋಡು. ಇದು ಹುಡುಗೀರ ಟೇಬಲ್. ಒಬ್ಬೊಬ್ಬರಿಗೂ ಒಂದೊಂದು ಸಾಲು. ಈ ಕಾಲಮ್ಮು ನಕ್ಷತ್ರ. ಇದನ್ನ ತುಂಬಿರೋ ಚೆಂದ ನೋಡು! ಒಬ್ಬ ಪುಬ್ಬ ಅಂತಾನೆ, ಒಬ್ಬ ಹುಬ್ಬ ಅಂತಾನೆ, ಒಬ್ಬ ಪೂರ್ವಾ ಫಲ್ಗುಣಿ ಅಂತ ಸಂಸ್ಕೃತ ಕಕ್ಕಿದಾನೆ. ಇವನು ನೋಡು, ನಕ್ಷತ್ರ ಅಂತ ಇರೋ ಜಾಗದಲ್ಲಿ "ಒಳ್ಳೆಯದು" ಅಂತ ಬರೆದಿದಾನೆ! ನಿವೃತ್ತ ಹೆಡ್ಮಾಸ್ಟರು ಕಣೇ ಈ ಪ್ರಾಣಿ. ಇದನ್ನೆಲ್ಲ ಒಂದು ಹದಕ್ಕೆ ತರೋರು ಯಾರು? ನಾನು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡು ಬಂದವಳು, ಈಗ ಪುಬ್ಬ ಹುಬ್ಬ ತಿದ್ದುತ್ತಾ ಕೂತಿದೀನಿ. ಸಂಬಳ ಇಲ್ಲ, ಸಾಲದಕ್ಕೆ ವೆಂಕಟಾಚಲನ ಉಪದೇಶ.

ತಿದ್ದೋದು ಏನು ಬ್ರಹ್ಮವಿದ್ಯೆ ಅಲ್ಲ. ಅಪ್‌ಡೇಟ್ ಅಂತ ಬರೀಬೇಕು, ಯಾವ ಟೇಬಲ್ ಅಂತ ಹೇಳ್ಬೇಕು. ಸೆಟ್ ಅಂದ್ರೆ, ಹೊಸದಾಗಿ ಏನಾಗ್ಬೇಕು. ವೇರ್ ಅಂದ್ರೆ, ಯಾರಿಗೆ. ಅಷ್ಟೇ. ಆ ವೇರ್ ಅನ್ನೋದನ್ನ ಎಷ್ಟು ಬಿಗಿಯಾಗಿ ಬರೀತೀಯೋ ಅಷ್ಟೇ ಜನಕ್ಕೆ ತಾಗುತ್ತೆ. ಸಡಿಲ ಬಿಟ್ಟೆಯೋ, ಊರಿಗೆಲ್ಲ ತಾಗುತ್ತೆ. ಅದಕ್ಕೆ ಬ್ಯಾಂಕಲ್ಲಿ ನಮಗೊಂದು ಪದ್ಧತಿ ಇತ್ತು. ಒಬ್ಬ ಗಿರಾಕಿ ವಿಳಾಸ ಬದಲಾಯಿಸ್ಬೇಕು ಅಂದ್ರೂ, ವೇರ್‌ನಲ್ಲಿ ಬರೀ ಅವನ ನಂಬರ್ ಕೊಡ್ತಿರ್ಲಿಲ್ಲ. ಮೊದಲನೇ ಸಾಲಲ್ಲಿ ಹಳೇ ವಿಳಾಸ, ಎರಡನೇ ಸಾಲಲ್ಲಿ ಆಂಡ್ ಹಾಕಿ ನಂಬರ್. ಎರಡೂ ಹೊಂದಿದ್ರೆ ಮಾತ್ರ ಬದಲಾಗೋದು. ನಂಬರ್ ಒತ್ತೋದ್ರಲ್ಲಿ ತಪ್ಪಾದ್ರೂ ಬೇರೆಯವನ ತಲೆ ಹೋಗಲ್ಲ. ಈಗಿನ ಹುಡುಗರಿಗೆ ಎಲ್ಲಿಂದ ಬರ್ಬೇಕು ಈ ಶಿಸ್ತು? ಕಣ್ಣು ಮೊಬೈಲ್ ಮೇಲೆ, ಕೈ ಕೀಬೋರ್ಡ್ ಮೇಲೆ.

ಇನ್ಯಾರು? ಆ ನಿತೀಶ. ಇಲ್ಲಿ ಡೇಟಾ ಎಂಟ್ರಿಗೆ ಇದ್ನಲ್ಲ, ಕಿವಿಗೆ ಸದಾ ಬೆಂಡೆ ಬೀಜದ ಥರ ಏನೋ ಸಿಕ್ಕಿಸ್ಕೊಂಡು. ಅವನದೇ ಕೆಲಸ ಇದು. ವೆಂಕಟಾಚಲನಿಗೂ ಹಾಗೇ ಹೇಳ್ತೀನಿ. ಬೇರೆ ಕೆಲಸ ಸಿಕ್ಕಿ ಬಿಟ್ಟುಹೋಗಿದಾನೆ, ಯಾರಿಗೂ ನಷ್ಟ ಇಲ್ಲ. ದರಿದ್ರದವನು, ಮೂಲಾ ಇದ್ದಿದ್ದನ್ನೆಲ್ಲ ಪೂರ್ವಾಷಾಢಾ ಮಾಡಿಟ್ಟು ಹೋಗಿದಾನೆ. ಎಷ್ಟು ಬುದ್ಧಿವಂತಿಕೆ ನೋಡು, ಎರಡೂ ಧನೂ ರಾಶಿಯೇ. ರಾಶಿ ಕಾಲಮ್ ಮುಟ್ಟೋ ಹಾಗೇ ಇಲ್ಲ, ಯಾರಿಗೂ ಅನುಮಾನ ಬರಲ್ಲ. ಆದ್ರೆ ಅವಸರ! ಅಪ್‌ಡೇಟು, ಸೆಟ್ಟು, ವೇರ್ ನಕ್ಷತ್ರ ಮೂಲಾ, ಇಷ್ಟನ್ನ ಮಾತ್ರ ಮೌಸಲ್ಲಿ ಎಳೆದು ಆರಿಸ್ಕೊಂಡು ಓಡಿಸ್ಬಿಟ್ಟ. ಆರಿಸಿದ್ದು ಮಾತ್ರ ತಾನೇ ಓಡೋದು? ಎರಡನೇ ಸಾಲು ಆರಿಸೋದ್ರಲ್ಲಿ ಬಿಟ್ಟೇಹೋಯ್ತು. ಇದ್ದಬದ್ದ ಮೂಲಾ ಹುಡುಗೀರಿಗೆಲ್ಲ ತಾಗ್ತು. ಕೆಳಗೆ ಎಷ್ಟು ಸಾಲು ಬದಲಾಯ್ತು ಅಂತ ಅದೇ ತೋರಿಸುತ್ತೆ, ಅದನ್ನಾದ್ರೂ ನೋಡ್ಬಾರದಾ? ಕಳ್ಳನ ಥರ ಕಿಟಕಿ ಮುಚ್ಚಿ ಎದ್ದುಹೋಗೋದಾ? ಮುಟ್ಠಾಳ!

… ಏನು?

ಎರಡನೇ ಸಾಲು ಇತ್ತು ಅಂತ ನನಗೆ ಹೇಗೆ ಗೊತ್ತಾಯ್ತು ಅಂದ್ರೆ… ಇನ್ನೇನು, ಇರ್ಲೇಬೇಕಲ್ಲ. ಅನುಭವ ಕಣೇ. ನೋಡಿದ್ರೆ ಗೊತ್ತಾಗುತ್ತೆ. ನೀನು ಮಕ್ಕಳ ಉತ್ತರಪತ್ರಿಕೆ ನೋಡಿ ಯಾರು ಯಾರನ್ನ ನೋಡಿ ಬರೆದ್ರು ಅಂತ ಹೇಳಲ್ವಾ? ಹಾಗೇ. ಎಲ್ಲಾದಕ್ಕೂ ಪ್ರಶ್ನೆ ನಿಂದು.

ಯಾರಿಗೆ ಫೋನು? ನಿತೀಶನಿಗಾ? ಬೇಡ! ಇಡು ಕೆಳಗೆ. ಇಡು ಅಂದ್ನಲ್ಲ! ಹೊಸ ಕೆಲಸ, ಪಾಪ, ಅವನನ್ನ ಯಾಕೆ… ಪಾಪಾನೇ, ನಾನೇನು ಇಲ್ಲ ಅಂದೆ? ಬೈದ್ರೆ ಬೈದೆ, ಹಾಗಂತ ಕರೆದು ವಿಚಾರಣೆ ಮಾಡ್ಬೇಕಾ? ಅವನು ಬಿಟ್ಟಿದ್ದು ಯಾವಾಗ ಅಂತ ನನಗೆ ನೆನಪಿಲ್ಲ. ದೀಪಾವಳಿಗೆ ಮುಂಚೆಯೋ ಆಮೇಲೋ… ಶರಣ್ಯ ಹೆಸರು ಬರೆಸಿದ್ದು ಸಂಕ್ರಾಂತಿ ಆದ್ಮೇಲೆ ಅಂತ ನಿನಗ್ಯಾರು ಹೇಳಿದ್ದು? ಓ… ಅಲ್ಲೇ ಇದೆ, ತಾರೀಖು. ಹೂಂ. ಕಣ್ಣು ಚುರುಕಾಗಿದೆ ನಿಂದು.

ಹೋಗಿ ಎರಡು ಕಾಫಿ ಹೇಳಿ ಬಾ ಕೆಳಗೆ. ನನಗೆ ಸ್ಟ್ರಾಂಗ್ ಇರ್ಲಿ. ಬೇಡ್ವಾ? ನನಗೆ ಬೇಕು ಕಣೇ. ಎದ್ದೇಳು… ಆಯ್ತು, ಕೂತಿರು. ಕೂತಿದ್ರೆ ಕೂತಿರು. ಮಾತಾಡಿಸ್ಬೇಡ ಮಾತ್ರ.

ಯುಗಾದಿಯಲ್ಲಿ ಹೊಸ ಯಂತ್ರ ತಂದಾಗ ಟೇಬಲ್ಲಿನ ಒಂದು ನಕಲು ತೆಗೆದಿಟ್ಟಿದ್ದೆ… ಅದರಲ್ಲಿ ಎಲ್ಲಾ ಹಳೇದು ಹಳೇ ಥರಾನೇ ಇದೆ. ಅಲ್ಲಿ ಯಾರ್ಯಾರು ಮೂಲಾ ಅಂತ ಇದಾರೋ ಅವರನ್ನೆಲ್ಲ ಇಲ್ಲೂ ವಾಪಸ್ ಮೂಲಾ ಮಾಡಿದ್ರೆ ಮುಗೀತು. ಶರಣ್ಯನೂ ಸರಿ ಹೋಗ್ತಾಳೆ, ವೆಂಕಟಾಚಲನ ಬಾಯೂ ಮುಚ್ಚುತ್ತೆ. ನೋಡು. ಅಪ್‌ಡೇಟ್… ಸೆಟ್ ನಕ್ಷತ್ರ ಮೂಲಾ… ವೇರ್, ಹಳೇ ನಕಲಲ್ಲಿ ಮೂಲಾ ಇರೋ ಎಲ್ಲಾ ನಂಬರ್ರು. ಇದು ಒಂದನೇ ಸಾಲು. ಆಮೇಲೆ… ಫ್ಯಾನ್ ಸ್ವಲ್ಪ ಜೋರು ಮಾಡ್ತೀಯಾ? ಹಿಂದೆ ಇದೆ ನೋಡು ಸ್ವಿಚ್ಚು, ಆ ಕಡೆ ತಿರುಗಿ… ಚಳೀನಾ? ಈ ಬಿಸಿಲಲ್ಲಿ ಚಳೀನಾ ನಿನಗೆ?

ಇದು… ಇದು ಏನಿಲ್ಲ. ಆಂಡ್ ನಂಬರ್ ಸಮ ಅಲ್ಲ… ಅಂದ್ರೆ, ಈ ಒಂದು ನಂಬರ್ ಬಿಟ್ಟು ಉಳಿದವರಿಗೆಲ್ಲ. ಈ ಒಂದು ಹಾಗೇ ಇರ್ಲಿ ಅಂತ. ಅದು ಸರಿಯಾಗೇ ಇದೆ, ಅದನ್ನ ಮುಟ್ಟೋದು ಬೇಡ ಅಂತ. ಪರೀಕ್ಷೆಗೆ ಅಂತ ಹಾಕಿರೋ ಸಾಲು ಅದು. ಯಾವುದೋ ಒಂದು. ಬಿಡು.

ಶಿವಾನಿ.

ಏನು ನೋಡ್ತಿದೀಯ ಅದನ್ನೇ? ನಂಬರ್ ಕಣೇ, ನಾನೂರ ಹನ್ನೆರಡು, ಅಷ್ಟೇ… ನಂಬರ್‌ಗಳು ಏನು ಇರುತ್ವೆ, ಬರುತ್ವೆ, ಹೋಗುತ್ವೆ…

ಮಾತಾಡೇ. ಬೇಕಾದ್ರೆ ಬೈ. ನಗ್ತಿದ್ದೆಯಲ್ಲ ಆಗ, ನಗು ಬೇಕಾದ್ರೆ…

ಮರೆತಿರ್ತೀಯ ಅಂದ್ಕೊಂಡಿದ್ದೆ ಕಣೇ. ಮೂರು ವರ್ಷದ ಹಿಂದಿನ ವಧೂವರ ಸಮಾವೇಶ. ನಾನೇ ಪಿನ್ನು ಚುಚ್ಚಿ ಹಾಕಿದ್ದೆ ನಿನ್ನ ಸೆರಗಿಗೆ ಆ ನಂಬರನ್ನ. ಸ್ಟೇಜ್ ಮೇಲೆ ಹೋಗಿ ಮೈಕ್ ಹಿಡ್ಕೊಂಡು ಎಷ್ಟು ಚೆನ್ನಾಗಿ ಹೇಳ್ದೆ ನೀನು, ಹೆಸರು, ಓದು, ಸ್ಕೂಲು. ಮುಂದಿನ ಸಾಲಲ್ಲಿ ಗಂಡಿನ ತಾಯಂದಿರು ನಿನ್ನ ನಂಬರ್ ಬರ್ಕೊಳ್ತಾ ಇದ್ರು. ಆಮೇಲೆ ನಕ್ಷತ್ರ ಹೇಳ್ದೆ. ಪೆನ್ನು ಮುಚ್ಚಿದ್ರು ಎಲ್ಲರೂ. ನೀನು ನೋಡ್ಲಿಲ್ಲ ಅಂದ್ಕೊಂಡಿದ್ದೆ. ನೋಡಿದ್ದೆ, ಅಲ್ವಾ? ಅಷ್ಟೊಂದು ಜನ ಹಾಗೆ ಪೆನ್ನು ಮುಚ್ಚಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಒಬ್ಬಳ ಪೆನ್ನು ಕಿತ್ತು ಕಿಟಕಿಯಿಂದ ಎಸೀಬೇಕು ಅನ್ನಿಸ್ತು ನನಗೆ. ನಾನು ಮಾಡಿದ್ದೇನು? ಅವರಿಗೆಲ್ಲ ಬಾದಾಮಿ ಹಾಲು ಹಂಚ್ದೆ.

ಆಮೇಲೂ ಬಂದೋರು ಬಂದ್ರು, ಹೋದೋರು ಹೋದ್ರು. ಈ ಯುಗಾದಿ ಆದ್ಮೇಲೆ ಒಂದಿನ ನೀನು ಪಾತ್ರೆ ಒರೆಸ್ತಾ ಹೇಳ್ದೆ, "ಅಮ್ಮ, ನನ್ನ ಹೆಸರು ಕಂಪ್ಯೂಟರ್‌ನಿಂದ ಡಿಲೀಟ್ ಮಾಡ್ಬಿಡು, ಸಾಕು" ಅಂತ. ಅಳು ಕೂಡ ಇರ್ಲಿಲ್ಲ ನಿನ್ನ ದನೀಲಿ. ಅತ್ತಿದ್ರೆ ನಾನು ಏನಾದ್ರೂ ಹೇಳಿರ್ತಿದ್ದೆ. ಮಾರನೇ ದಿನ ಇಲ್ಲಿಗೆ ಬಂದೆ. ಡಿಲೀಟ್ ಮಾಡೋಕೇ ಬಂದಿದ್ದು, ಸತ್ಯವಾಗ್ಲೂ. ನಿನ್ನ ಸಾಲು ತೆಗೆದೆ. ನಿನ್ನ ಹೆಸರು, ಎತ್ತರ, ಓದು, ಎಲ್ಲಾ ಸರಿಯಾಗಿದೆ, ಒಂದು ಪದ ಮಾತ್ರ… ಡಿಲೀಟ್ ಮಾಡೋ ಬದಲು ಅಪ್‌ಡೇಟ್ ಮಾಡ್ದೆ.

ಹೂಂ. ನಾನೇ. ಮುಟ್ಠಾಳೆ. ಯಾರಾದ್ರೂ ಬಂದ್ಬಿಡ್ತಾರೆ ಅಂತ ಅವಸರ ಕಣೇ, ಅದಕ್ಕೇ ಎರಡನೇ ಸಾಲು… ಯಾವ ಶರಣ್ಯನೂ ನನ್ನ ತಲೇಲಿರ್ಲಿಲ್ಲ. ನಿನ್ನ ನಂಬರ್ ಒಂದೇ ಇದ್ದಿದ್ದು. ಅವಳ ಮನೆ ಎಲೆ ಮುಂದಿಂದ ಜನ ಎದ್ದುಹೋದ್ರು ಅಂತ ಬೆಳಿಗ್ಗೆ ಕೇಳಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಸದ್ಯ ನಮ್ಮ ಮನೇಲಲ್ವಲ್ಲ ಅಂತ. ಕೇಳು. ಎಂಥಾ ಹೆಂಗಸು ನಿನ್ನ ತಾಯಿ ಅಂತ ಕೇಳಿಸ್ಕೋ.

ಕೈ ತೆಗಿ ಅಲ್ಲಿಂದ. ಶಿವಾನಿ, ಆ ಸಾಲು ಅಳಿಸ್ಬೇಡ. ನನ್ನ ಮಾತು ಕೇಳು. ಭಾನುವಾರ ಇದು ಕಣೇ, ಮೂರೇ ದಿನ! ಹಾಲ್ ಹೇಳಾಗಿದೆ, ಅಪ್ಪ ಹಾರಕ್ಕೆ ಹೋಗಿದಾರೆ. ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಒಂದು ಸಾಲು ಹಾಗೇ ಇದ್ರೆ ಯಾರ ಗಂಟು ಹೋಗುತ್ತೆ? ಮದುವೆ ಆಗ್ಲಿ, ಒಂದು ಮಗು ಆಗ್ಲಿ, ಆಮೇಲೆ ನಾನೇ ಹೋಗಿ ಅವರ ಕಾಲು ಹಿಡ್ಕೊಂಡು ಹೇಳ್ತೀನಿ. ಅವರಿಗೆ ಗೊತ್ತು ಅಂತಾನೇ ನೀನು ಇಷ್ಟು ದಿನ ಇದ್ದೆಯಲ್ಲ, ಇನ್ನೂ ನಾಲ್ಕು ದಿನ ಹಾಗೇ…

ಇಲ್ಲ. ಗೊತ್ತಿಲ್ಲ ಅವರಿಗೆ. ನಾನು ಹೇಳೇ ಇಲ್ಲ. ಹಾಳೆ ಕಳಿಸ್ದೆ, ಹಾಳೇಲಿ ಪೂರ್ವಾಷಾಢಾ ಇತ್ತು, ಅವರು ಒಪ್ಪಿದ್ರು, ಅಷ್ಟೇ ನಡೆದಿದ್ದು. ಆ ಆಕಾಶದ ಮಾತು… ಅದು ನಿನ್ನ ಮಾವ ಹೇಳಿದ್ದಲ್ಲ ಕಣೇ. ನಾನು ಹೇಳಿದ್ದು. ಬಸ್ಸಲ್ಲಿ ಬರ್ತಾ ಕಟ್ಟಿದ್ದು. ಯಾರಾದ್ರೂ ಒಬ್ಬರು ನಿನಗೆ ಹಾಗೆ ಹೇಳ್ಲಿ ಅಂತಿತ್ತು ನನಗೆ. ಯಾರೂ ಹೇಳ್ಲಿಲ್ಲ, ನಾನೇ ಹೇಳ್ದೆ.

ಬೇಡ… ಒತ್ತಿದ್ರೆ ವಾಪಸ್ ಬರಲ್ಲ ಪುಟ್ಟಿ, ಯೋಚನೆ ಮಾಡು…

ಒತ್ತಿಬಿಟ್ಟೆಯಾ.

ಹೂಂ. ಎಲ್ಲಾ ಸರಿಹೋಯ್ತು. ಶರಣ್ಯ, ಇವಳು ಯಾರೋ ಮಲ್ಲೇಶ್ವರದವಳು, ನೀನು. ಎಲ್ಲರೂ. ಚೆನ್ನಾಗಿ ಕಲಿತೆ. ಇಷ್ಟು ಬೇಗ ಕಲೀತೀಯ ಅಂತ ಗೊತ್ತಿದ್ರೆ ನಾನು ಬಾಯಿ ಮುಚ್ಕೊಂಡಿರ್ತಿದ್ದೆ.

ಯಾರಿಗೆ ಮಾಡ್ತಿದೀಯ? ಆತ್ರೇಯನಿಗಾ? … ಅವರಪ್ಪನಿಗೇನಾ? ಆ ಮನುಷ್ಯನಿಗೆ ಎದೆ ಸರಿಯಿಲ್ಲ, ನಿಧಾನವಾಗಿ ಹೇಳು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ… ನೋಡು. ನೋಡಿದ್ಯಾ? ನನ್ನ ಬಾಯಲ್ಲೂ ಅದೇ ಬಂತು. ಆಸ್ಪತ್ರೆಗೆ ಅವರನ್ನ ಸೇರಿಸಿದ ದಿನ ನಾನು ಬೆಳಗಿನಿಂದ ಗವಿ ಗಂಗಾಧರನ ಗುಡೀಲಿ ಕೂತಿದ್ದೆ ಕಣೇ, ನಿನ್ನಿಂದ ಅವರಿಗೇನೂ ಆಗದೇ ಇರ್ಲಿ ಅಂತ. ನಿನ್ನಿಂದ ಅಂತಾನೇ ಬೇಡ್ಕೊಂಡೆ. ಪೆನ್ನು ಮುಚ್ಚಿದ ಆ ಹೆಂಗಸರಿಗೂ ನನಗೂ ಏನು ವ್ಯತ್ಯಾಸ ಹೇಳು.

ರಿಂಗ್ ಆಗ್ತಿದ್ಯಾ? ಸರಿ. ನೀನೇ ಮಾತಾಡು. ಅವರು ಎಂಥವರು ಅಂತ ನನಗೆ ಗೊತ್ತಿಲ್ಲ ಶಿವಾನಿ. ನಾನು ಅವರನ್ನ ಕೇಳೇ ಇಲ್ಲ.